ಕೋಡಿಬೆಂಗ್ರೆಯಲ್ಲಿ ರಸ್ತೆ ಮುಗಿದ ಮೇಲೆ ಬಾರ್ಕೂರಿಗೆ ದಾರಿ ಇದೆಯೇ?

ಪ್ರಶ್ನೆ:
ನಮಸ್ಕಾರ. ಡಿಸೆಂಬರಿನಲ್ಲಿ ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಉಡುಪಿಗೆ ಬರುವವರಿದ್ದೇವೆ. ಮಲ್ಪೆಯಿಂದ ಹೂಡೆಯ ಮೇಲಾಗಿ ಕೋಡಿಬೆಂಗ್ರೆಗೆ ಹೋಗುವ ರಸ್ತೆ ನಕ್ಷೆಯಲ್ಲಿ ನೀರಿನಂಚಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಹಿಂದಿರುಗದೆಯೇ ಬಾರ್ಕೂರು ತಲುಪಬಹುದೇ? ಕಡಲತೀರವನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದೇನಾದರೂ ಇದೆಯೇ?

ಉತ್ತರ 1:
ಕಡಲತೀರವನ್ನಷ್ಟೇ ನೋಡುವುದಾದರೆ ಮಲ್ಪೆಯೇ ಸಾಕು. ಕೋಡಿಬೆಂಗ್ರೆಯ ಸೊಗಸು ಇರುವುದು ಅದರ ಬೆನ್ನಿಗಿರುವ ಹೊಳೆಯಲ್ಲಿ. ಘಟ್ಟದಿಂದಿಳಿದು ಬರುವ ಸುವರ್ಣಾ ನದಿ ನೇರವಾಗಿ ಸಮುದ್ರ ಸೇರುವುದಿಲ್ಲ. ಅಲೆಗಳು ಒಟ್ಟಿದ ಮರಳದಿಣ್ಣೆ ಅಡ್ಡವಿರುವುದರಿಂದ ಉತ್ತರಕ್ಕೆ ಹೊರಳಿ, ಕಡಲಿಗೆ ಸಮಾನಾಂತರವಾಗಿ ಹರಿದು, ಸೀತಾ ನದಿಯೊಡನೆ ಕೂಡಿಕೊಂಡ ಮೇಲೆಯೇ ಅಳಿವೆಯನ್ನು ತಲುಪುತ್ತದೆ. ಆ ದಿಣ್ಣೆಯ ತುದಿಯಲ್ಲಿರುವ ಊರು ಇದು. ಪಡುವಣ ಬದಿಯಲ್ಲಿ ಕಡಲು, ಮೂಡಣ ಬದಿಯಲ್ಲಿ ಹೊಳೆ, ನಡುವೆ ಒಂದು ರಸ್ತೆ, ತೆಂಗಿನ ಮರಗಳು ಮತ್ತು ಮನೆಗಳು.

ನೀರಿನ ಇಳಿತದ ಹೊತ್ತಿಗೆ ಹೊಳೆಬದಿಗೆ ಹೋಗಿ. ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಿಂದಲೇ ಮರಳನ್ನು ತಡಕಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಆಗ ಕಾಣಸಿಗುತ್ತಾರೆ. ಉಬ್ಬರದಲ್ಲಿ ಅದೇ ಜಾಗದ ಮೇಲೆ ದೋಣಿ ಸಾಗುತ್ತಿರುತ್ತದೆ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಹೊರಡುವ ದಿನದ ವೇಳಾಪಟ್ಟಿಯನ್ನೇ ನೋಡಬೇಕು. ಸಾಧ್ಯವಿದ್ದರೆ ಬೆಳಗ್ಗೆಯೇ ಬನ್ನಿ, ಏಕೆಂದರೆ ಹೊಳೆಯ ಕಡೆ ಸೂರ್ಯೋದಯ ಕಾಣುತ್ತದೆ. ಸೂರ್ಯಾಸ್ತದ ಚಿತ್ರ ತೆಗೆಯಲು ಬರುವವರು ಹೇಗೂ ಬಹಳ ಮಂದಿ!

ಉತ್ತರ 2:
ದಾರಿಯ ಬಗ್ಗೆ ಹೇಳುವುದಾದರೆ, ಎದುರು ದಡದಲ್ಲಿ ಕಾಣುವುದು ಹಂಗಾರಕಟ್ಟೆ. ಜನರನ್ನೂ ವಾಹನಗಳನ್ನೂ ದಾಟಿಸಲು ಬಾರ್ಜ್ ವ್ಯವಸ್ಥೆ ಇದೆ. ಆದರೆ ಅದು ಅಂದು ಓಡುತ್ತಿದೆಯೇ, ಕಾರನ್ನು ಹತ್ತಿಸಿಕೊಳ್ಳುತ್ತಾರೆಯೇ ಎಂಬುದನ್ನು ಹೂಡೆಯಲ್ಲಿಯೇ ವಿಚಾರಿಸಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಇಲ್ಲದಿದ್ದರೆ ಕೆಮ್ಮಣ್ಣಿನ ಕಡೆಗೆ ಹಿಂದಿರುಗಿ, ಹೆದ್ದಾರಿ ಹಿಡಿದು ಬ್ರಹ್ಮಾವರದ ಮೂಲಕ ಸುತ್ತಬೇಕಾಗುತ್ತದೆ. ಹಾಗೆ ಸುತ್ತಬೇಕಾಗಿ ಬಂದರೆ ಕೆಮ್ಮಣ್ಣಿನ ತೂಗುಸೇತುವೆಯನ್ನು ನೋಡಿಕೊಂಡು ಹೋಗಬಹುದು, ಆದರೆ ನಡೆಯುವಾಗ ಅದು ಅಲುಗಾಡುವುದರಿಂದ ಹಿರಿಯರು ದಡದಲ್ಲಿಯೇ ಕುಳಿತಿರಲಿ.

ಬಾರ್ಕೂರು ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿದ್ದ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ (ಅಂದರೆ ಪ್ರಾಂತ್ಯದ) ಆಡಳಿತ ಕೇಂದ್ರವಾಗಿದ್ದ ಊರು. ಅದರ ವ್ಯಾಪಾರಕ್ಕೆ ಸಮುದ್ರದ ಬಾಗಿಲಾಗಿದ್ದುದು ಇದೇ ಅಳಿವೆ. ಆದ್ದರಿಂದ ಬಾರ್ಕೂರಿಗೆ, ಅಲ್ಲಿನ ಹಳೆಯ ಜೈನ ಬಸದಿಯಾದ ಕತ್ತಲೆ ಬಸದಿಗೆ, ನೀರಿನ ದಾರಿಯಿಂದ ಹೋಗಬೇಕೆಂಬ ನಿಮ್ಮ ಯೋಚನೆ ಚರಿತ್ರೆಗೂ ಒಪ್ಪುವಂಥದ್ದೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಕ್ಕಳೂ ಜೊತೆಯಲ್ಲಿರುತ್ತಾರೆ. ಅಳಿವೆಯ ಬಳಿ ನೀರಿಗಿಳಿಯಬಹುದೇ?

ಉತ್ತರ 3:
ಖಂಡಿತ ಬೇಡ. ಇಳಿತದ ಸಮಯದಲ್ಲಿ ಎರಡು ನದಿಗಳ ನೀರು ಆ ಕಿರಿದಾದ ಬಾಯಿಯಿಂದ ಒಮ್ಮೆಲೇ ಹೊರನುಗ್ಗುತ್ತದೆ. ಮೇಲ್ನೋಟಕ್ಕೆ ಶಾಂತವಾಗಿರುವಾಗಲೂ ಸೆಳೆತ ಬಲವಾಗಿರುತ್ತದೆ ಮತ್ತು ಮರಳಿನ ಆಳ ಮಳೆಗಾಲದಿಂದ ಮಳೆಗಾಲಕ್ಕೆ ಬದಲಾಗುತ್ತಿರುತ್ತದೆ. ಮಕ್ಕಳು ನೀರಾಡಲೇಬೇಕೆಂದರೆ ಜೀವರಕ್ಷಕರು ಇರುವ ಮಲ್ಪೆ ತೀರಕ್ಕೆ ಕರೆದುಕೊಂಡು ಹೋಗಿ. ಕೋಡಿಬೆಂಗ್ರೆಯ ಹೊಳೆಯಲ್ಲಿ ಕಯಾಕ್ ನಡೆಸುವವರಿದ್ದಾರೆ. ಜೀವರಕ್ಷಕ ಜಾಕೆಟ್ ಕೊಡುವವರ ಜೊತೆಗೆ ಮಾತ್ರ ಹೋಗಿ.

ಇನ್ನೊಂದು ಮಾತು. ರಸ್ತೆಬದಿಯಲ್ಲಿ ಹರಡಿರುವ ಬಲೆಗಳ ಮೇಲೆ ದಯವಿಟ್ಟು ಕಾರು ಹತ್ತಿಸಬೇಡಿ. ಆ ಓಣಿಯಲ್ಲಿ ಬಲೆ ಒಣಗಿಸಲು ಮೀನುಗಾರರಿಗೆ ಬೇರೆ ಜಾಗವಿಲ್ಲ.