ಅಡಿಕೆ ತೋಟಕ್ಕೂ ಬ್ಯಾಣಕ್ಕೂ ಆಗೋ ಕಳೆ ಹೊಡಿಯೋ ಮಿಷನ್ ಯಾವ್ದು? ಹಳೇದು ಸೀಜ್ ಆಗಿದೆ

ಬ್ಯಾಣದಂಚು (ಸಾಗರ)

ಎಲ್ರಿಗೂ ನಮಸ್ಕಾರ. ನಮ್ದು ಸಾಗರ ತಾಲ್ಲೂಕು, ಎರಡೂವರೆ ಎಕರೆ ಅಡಿಕೆ ತೋಟ, ಮರಕ್ಕೆ ಕಾಳುಮೆಣಸು ಹಬ್ಬಿಸಿದೀವಿ, ತೋಟದ ಮೇಲ್ಗಡೆ ಒಂದು ಎಕರೆ ಚಿಲ್ರೆ ಬ್ಯಾಣ (ಹುಲ್ಲು, ಪೊದೆ ಬೆಳೆಯೋ ಜಾಗ). ತೋಟದಲ್ಲಿ ಬರೀ ಹುಲ್ಲು, ಮಳೆಗಾಲ ಮುಗಿಯೋ ಹೊತ್ತಿಗೆ ಮೊಣಕಾಲು ಮುಚ್ಚುತ್ತೆ, ಉದುರಿದ ಅಡಿಕೆ ಹೆಕ್ಕೋಕೂ ಆಗಲ್ಲ. ಬ್ಯಾಣದಲ್ಲಿ ಕಮ್ಯುನಿಸ್ಟ್ ಗಿಡ, ಲಂಟಾನ, ಮುಳ್ಳು, ಎಲ್ಲಾ ತಲೆ ಮೇಲೆ ಬೆಳೆದು ನಿಂತಿದೆ.

ನಾಲ್ಕು ವರ್ಷದ ಹಿಂದೆ ಆನ್‌ಲೈನಲ್ಲಿ ಒಂದು 43 ಸಿಸಿ ಟೂ ಸ್ಟ್ರೋಕ್ ತರಿಸಿದ್ದೆ, ಹೆಗಲಿಗೆ ನೇತು ಹಾಕ್ಕೊಳ್ಳೋದು. ಹೋದ ತಿಂಗಳು ಹೊಡಿತಾ ಇರೋವಾಗ್ಲೇ ಶಬ್ದ ಕುಗ್ಗುತ್ತಾ ಹೋಗಿ ನಿಂತು ಬಿಡ್ತು, ಈಗ ಹಗ್ಗ ಎಳೆದ್ರೆ ಒಂದು ಗೇಣೂ ಬರಲ್ಲ. ಪೇಟೆಲಿ ತೋರಿಸಿದ್ರೆ ಪಿಸ್ಟನ್ ಹಿಡ್ದಿದೆ, ಸಿಲಿಂಡರ್ ಪಿಸ್ಟನ್ ಎರಡೂ ಹೊಸದು ಹಾಕ್ಬೇಕು ಅಂದ್ರು, ಅದರ ಖರ್ಚು ನೋಡಿದ್ರೆ ಹೊಸ ಮಿಷನ್ನಿನ ಅರ್ಧ ದುಡ್ಡು. ಅದಕ್ಕೇ ಹೊಸದೇ ತಗೊಳ್ಳೋಣ ಅಂತ.

ನನ್ನ ಪ್ರಶ್ನೆ ಇಷ್ಟು. ಟೂ ಸ್ಟ್ರೋಕಾ ಫೋರ್ ಸ್ಟ್ರೋಕಾ? ಬೆನ್ನಿಗೆ ಹಾಕೋದಾ ಸೈಡಿಗೆ ಹಾಕೋದಾ, ನಮ್ಮ ತೋಟ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೆ. ಬ್ಲೇಡ್ ಯಾವ್ದು? ಕೆಲಸಕ್ಕೆ ಜನ ಸಿಗ್ತಾ ಇಲ್ಲ, ಹಾಗಾಗಿ ನಾನೇ ಹೊಡಿಬೇಕು, ನಾನು ಊರಲ್ಲಿ ಇಲ್ದಾಗ ಅಪ್ಪಯ್ಯ ಹೊಡಿತಾರೆ, ಅವರಿಗೆ 62. ಇನ್ನೊಂದು, ಹೋದ ವರ್ಷ ಗುತ್ತಿಗೆಗೆ ಹೊಡಿಸಿದಾಗ 12 ಮೆಣಸಿನ ಬಳ್ಳಿ ಬುಡದಲ್ಲೇ ಕತ್ತರಿಸಿ ಹೋಯ್ತು, ಏಳು ವರ್ಷ ಸಾಕಿದ ಬಳ್ಳಿ, ಅದು ಮತ್ತೆ ಆಗಬಾರದು.

ತೀರ್ಥಹಳ್ಳಿ ಸ್ಪ್ಯಾನರ್

ಹೊಸದು ತಗೊಳ್ಳೋಕೆ ಮುಂಚೆ ಹಳೇದು ಯಾಕೆ ಹೋಯ್ತು ಅಂತ ತಿಳ್ಕೊಳ್ಳಿ ಸಾರ್, ಇಲ್ದಿದ್ರೆ ಹೊಸದೂ ಹಾಗೇ ಹೋಗುತ್ತೆ. ನಾನು ಈ ಮಿಷನ್ ರಿಪೇರಿನೇ ಮಾಡೋದು, ಸೀಜ್ ಆಗಿ ಬರೋದ್ರಲ್ಲಿ ಹೆಚ್ಚಿನವು ಎಣ್ಣೆ ಇಲ್ದೆ ಓಡಿಸಿದವು. ಸೈಲೆನ್ಸರ್ ಎರಡು ಬೋಲ್ಟ್ ಬಿಚ್ಚಿ ಆ ತೂತಿಗೆ ಟಾರ್ಚ್ ಬಿಟ್ಟು ನೋಡಿ, ಪಿಸ್ಟನ್ ಅಲ್ಲಿ ಕಾಣುತ್ತೆ. ಆ ಕಡೆ ಮೈಮೇಲೆ ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು ಬಿದ್ದು ಅಲ್ಯೂಮಿನಿಯಂ ಸವರಿದ ಹಾಗಿದ್ರೆ ಎಣ್ಣೆ ಕಮ್ಮಿ ಆಗಿದೆ ಇಲ್ಲಾ ವಿಪರೀತ ಬಿಸಿ ಆಗಿದೆ ಅಂತ ಅರ್ಥ. ಅಲ್ಲಿ ಚೆನ್ನಾಗಿದ್ದು ಕಾರ್ಬುರೇಟರ್ ಕಡೆ ಮೈ ಉಜ್ಜಿ ಮಂಕಾಗಿದ್ರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ.

ಟೂ ಸ್ಟ್ರೋಕಲ್ಲಿ ಎಂಜಿನ್‌ಗೆ ಬೇರೆ ಆಯಿಲ್ ಇರಲ್ಲ, ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲೇ ಅದರ ಜೀವ. ಲೀಟರಿಗೆ ಎಷ್ಟು ಅಂತ ಅಂಗಡಿಯವ್ರು ಹೇಳಿದ್ದನ್ನ ನಂಬಬೇಡಿ, ಮಿಷನ್ ಪುಸ್ತಕದಲ್ಲಿ 25:1 ಅಂತಿದ್ರೆ ಲೀಟರಿಗೆ 40 ಎಂಎಲ್, 50:1 ಅಂತಿದ್ರೆ 20 ಎಂಎಲ್. ಮೆಡಿಕಲ್ ಶಾಪಲ್ಲಿ ಸಿಗೋ ಸಿರಿಂಜಲ್ಲಿ ಅಳೆದು ಹಾಕಿ, ಮುಚ್ಚಳದ ಲೆಕ್ಕ ಬೇಡ. ಮಿಷನ್ ಟ್ಯಾಂಕಲ್ಲೇ ಬೆರೆಸೋದೂ ಬೇಡ, ಕ್ಯಾನಲ್ಲಿ ಬೆರೆಸಿ ಚೆನ್ನಾಗಿ ಅಲ್ಲಾಡಿಸಿ ಆಮೇಲೆ ಟ್ಯಾಂಕಿಗೆ. ಕ್ಯಾನ್ ಮೇಲೆ ದಪ್ಪಗೆ "ಎಣ್ಣೆ ಹಾಕಿದ್ದು" ಅಂತ ಬರೀರಿ, ಯಾಕಂದ್ರೆ ಬೈಕಿಗೆ ಅಂತ ತಂದಿಟ್ಟ ಪೆಟ್ರೋಲನ್ನ ಗೊತ್ತಿಲ್ದೆ ಮಿಷನ್ನಿಗೆ ಸುರಿದು ಒಂದೇ ದಿನದಲ್ಲಿ ಎಂಜಿನ್ ಕಳ್ಕೊಂಡವರು ಬೇಕಾದಷ್ಟು ಜನ ಇದಾರೆ.

ನಿಮ್ಮ ಮನೇಲಿ ಇಬ್ರು ಓಡಿಸ್ತೀರಿ ಅಂದ್ಮೇಲೆ ನನ್ನ ಸಲಹೆ ಫೋರ್ ಸ್ಟ್ರೋಕ್. ಬೆರೆಸೋ ಗಲಾಟೆನೇ ಇಲ್ಲ, ಹೊಗೆ ಕಮ್ಮಿ, ಪೆಟ್ರೋಲೂ ಕಮ್ಮಿ ಕುಡಿಯುತ್ತೆ. ಹೋಂಡಾ ಜಿಎಕ್ಸ್ 35 ಎಂಜಿನ್ 35.8 ಸಿಸಿ, ತೋಟದ ಹುಲ್ಲಿಗೆ ಧಾರಾಳ ಆಯ್ತು, ಓರೆ ಹಿಡಿದ್ರೂ ಆಯಿಲ್ ಸಿಗೋ ಹಾಗೆ ಮಾಡಿದಾರೆ. ಆದ್ರೆ ಅದರ ಹೊಟ್ಟೇಲಿ ಹಿಡಿಯೋದು 100 ಎಂಎಲ್ ಆಯಿಲ್ ಅಷ್ಟೇ, 10ಡಬ್ಲ್ಯೂ-30 ಗ್ರೇಡಿನದ್ದು. ಒಂದು ಲೋಟದಷ್ಟೂ ಇಲ್ಲ ನೋಡಿ, ಅದರಲ್ಲಿ ಅರ್ಧ ಸುಟ್ಟು ಹೋದ್ರೆ ಎಂಜಿನ್ ಉಳಿಯಲ್ಲ, ಅದಕ್ಕೆ ದಿನಾ ಸ್ಟಾರ್ಟ್ ಮಾಡೋ ಮುಂಚೆ ನೆಲದಲ್ಲಿ ಸಮ ಇಟ್ಟು ಮುಚ್ಚಳ ಬಿಚ್ಚಿ ನೋಡ್ಲೇಬೇಕು. ಮೊದಲ ಸಲ 10 ಗಂಟೆಗೆ ಆಯಿಲ್ ಬದಲಿಸಿ, ಆಮೇಲೆ 50 ಗಂಟೆಗೊಮ್ಮೆ. ಜಾಸ್ತಿ ಹಾಕಿದ್ರೂ ತೊಂದ್ರೆ, ಏರ್ ಫಿಲ್ಟರಿಗೆ ಆಯಿಲ್ ಬಂದು ಬಿಳಿ ಹೊಗೆ ಬಿಡುತ್ತೆ.

ಒಂದು ಮಾತು, ಹೆಸರು ನೋಡಿ ತಗೊಳ್ಳೋಕಿಂತ ನಿಮ್ಮ ಪೇಟೇಲಿ ಅದರ ಡಯಾಫ್ರಾಮ್, ಕ್ಲಚ್ ಸ್ಪ್ರಿಂಗ್, ಸ್ಟಾರ್ಟರ್ ಹಗ್ಗ ಸಿಗುತ್ತಾ ಅಂತ ಮೊದ್ಲು ಕೇಳಿ. ಸೀಸನ್ನಲ್ಲಿ ಒಂದು ಸಣ್ಣ ಸ್ಪ್ರಿಂಗಿಗೆ ಹದಿನೈದು ದಿನ ಕಾದ್ರೆ ಹುಲ್ಲು ಕಾಯಲ್ಲ.

ಪುತ್ತೂರಿನ ಕೃಷಿಕ

ನಮ್ಮಲ್ಲಿ ಎರಡೂ ಉಂಟು, ಬೆನ್ನಿನದ್ದೂ ಸೈಡಿನದ್ದೂ. ಗುಡ್ಡೆ ತೋಟಕ್ಕೆ ಬೆನ್ನಿಗೆ ಹಾಕುದು ಒಳ್ಳೆದು, ಕೋಲು ಹಗುರ, ಧರೆ ಬದಿಯಲ್ಲಿ ಬೇಕಾದ ಹಾಗೆ ತಿರುಗಿಸ್ಬಹುದು. ಆದ್ರೆ ಎಂಜಿನಿನ ಬಿಸಿ ಬೆನ್ನಿಗೇ, ಮತ್ತೆ ಒಳಗಿನ ಕೇಬಲ್ ಒಂದು ಉಂಟಲ್ಲ, ಅದನ್ನು ಆಗಾಗ ಹೊರಗೆ ಎಳೆದು ಗ್ರೀಸ್ ಹಾಕದಿದ್ರೆ ತುಂಡಾಗ್ತದೆ, ಪೈಪನ್ನು ತುಂಬ ಬಗ್ಗಿಸಿ ಹೊಡೆದ್ರೂ ತುಂಡಾಗ್ತದೆ. ಸೈಡಿನದ್ದಕ್ಕೆ ಆ ರಗಳೆ ಇಲ್ಲ. ನಿಮ್ಮದು ಮೆಟ್ಟಿಲು ತೋಟ, ಒಂದೊಂದು ಮೆಟ್ಟಿಲು ಅಗಲ ಇದ್ರೆ ಸೈಡಿನದ್ದೇ ಸಾಕು ಅಂತ ನನಗೆ ಕಾಣ್ತದೆ. ಬೆಲ್ಟ್ ಮಾತ್ರ ಎರಡೂ ಹೆಗಲಿಗೆ ಬರುವಂಥದ್ದು ತಗೊಳ್ಳಿ, ಮಿಷನಿನೊಟ್ಟಿಗೆ ಕೊಡುವ ಒಂಟಿ ಬೆಲ್ಟಲ್ಲಿ ತಂದೆಯವರಿಗೆ ಒಂದು ಗಂಟೆಯೂ ಆಗ್ಲಿಕ್ಕಿಲ್ಲ. ಕೊಕ್ಕೆಯನ್ನು ಹಿಂದೆ ಮುಂದೆ ಸರಿಸಿ ನೋಡಿ, ಕೈ ಬಿಟ್ರೂ ಬ್ಲೇಡ್ ನೆಲದಿಂದ ನಾಲ್ಕು ಬೆರಳು ಮೇಲೆ ತೂಗಿ ನಿಲ್ಬೇಕು, ಹಾಗೆ ನಿಂತ್ರೆ ಸೊಂಟ ಉಳಿತದೆ.

ಬಳ್ಳಿ ವಿಷಯ ಓದಿ ಬೇಜಾರಾಯ್ತು ಮಾರಾಯ್ರೆ. ನಾವು ಮಾಡುದು ಹೀಗೆ, ಮಿಷನ್ ಇಳಿಸುವ ಮೊದಲ ದಿನ ಪ್ರತಿ ಮರದ ಸುತ್ತ ಎರಡು ಅಡಿ ಕೈಕತ್ತಿಯಲ್ಲಿ ಸವರಿ ಬಿಡುದು. ಆ ಎರಡು ಅಡಿಯೊಳಗೆ ಬ್ಲೇಡ್ ಹೋಗ್ಲಿಕ್ಕೇ ಇಲ್ಲ. ಬಳ್ಳಿ ಕತ್ತರಿಸಿ ಹೋದ್ರೆ ಕಣ್ಣಿಗೆ ಕಾಣ್ತದೆ, ಕಾಣದ್ದು ಬೇರಿನ ಗಾಯ. ಮೆಣಸಿನ ಬೇರು ಮೇಲೆಯೇ ಹರಡಿರುದು, ಮಳೆಗಾಲದಲ್ಲಿ ಅದಕ್ಕೆ ಪೆಟ್ಟಾದ್ರೆ ಸೊರಗು ರೋಗ ತರುವ ಫೈಟೋಫ್ತೊರಾ ಅಂತ ರೋಗಾಣು ಒಳಗೆ ಹೋಗ್ಲಿಕ್ಕೆ ಬಾಗಿಲು ತೆಗೆದ ಹಾಗೆ. ನೆಲ ಕೆರೆಯುವ ಹಾಗೆ ಹೊಡಿಬೇಡಿ, ಮೂರು ನಾಲ್ಕು ಇಂಚು ಹುಲ್ಲು ಬಿಟ್ಟು ಹೊಡೀರಿ, ಮಣ್ಣೂ ಕೊಚ್ಚಿ ಹೋಗುದಿಲ್ಲ. ಕತ್ತರಿಸಿದ ಹುಲ್ಲು ಅಲ್ಲೇ ಬಿದ್ದು ಗೊಬ್ಬರ ಆಗ್ತದೆ.

ನೈಲಾನ್ ದಾರ ಮೆತ್ತಗೆ ಅಂತ ಕೆಲವರು ಬುಡದವರೆಗೆ ಹೋಗ್ತಾರೆ, ಅದು ತಪ್ಪು. ಎಳೆ ಅಡಿಕೆ ಸಸಿಗೆ, ಬಳ್ಳಿಗೆ ದಾರ ಎರಡು ಸುತ್ತು ಬಡಿದ್ರೆ ಸಿಪ್ಪೆ ಸುತ್ತಲೂ ಎದ್ದು ಹೋಗ್ತದೆ, ಹದಿನೈದು ದಿನ ಬಿಟ್ಟು ಎಲೆ ಬಾಡುವಾಗ ಗೊತ್ತಾಗುದು. ದಾರ ಕಲ್ಲು ಇರುವ ಕಡೆ, ಕಟ್ಟೆ ಬದಿ, ಅಂಗಳಕ್ಕೆ ಒಳ್ಳೆದು. ಡ್ರಿಪ್ ಇದ್ರೆ ಪೈಪನ್ನು ಮೊದಲೇ ಮರದ ಬುಡಕ್ಕೆ ಎಳೆದು ಇಡಿ, ಹುಲ್ಲಿನೊಳಗೆ ಕಾಣುದಿಲ್ಲ, ಎಲ್ಲಾ ಚೂರು ಚೂರು.

ಕೊಪ್ಪದ ಕಾಫಿಮನೆ

ಬ್ಯಾಣದ ಬಗ್ಗೆ ನಾನು ಹೇಳ್ತೀನಿ, ನಮ್ಮ ಕಾಫಿ ತೋಟದ ಅಂಚು ಪೂರ್ತಿ ಲಂಟಾನನೇ ಇತ್ತು. ಲಂಟಾನನ ಮಿಷನ್ನಲ್ಲಿ ಎಷ್ಟು ಕತ್ತರಿಸಿದ್ರೂ ಬುಡದಿಂದ ಒಂದಕ್ಕೆ ನಾಲ್ಕು ಚಿಗುರುತ್ತೆ. ಮೇಲಿನದ್ದು ಮಿಷನ್ನಲ್ಲಿ ಸವರಿ ದಾರಿ ಮಾಡ್ಕೊಂಡು, ಒಂದು ಮಳೆ ಬಿದ್ದು ನೆಲ ಮೆತ್ತಗಾದಾಗ ಗುದ್ದಲಿ ಹಾಕಿ ಬುಡ ಸಮೇತ ಕೀಳಿಸಿದ್ವಿ, ಅದೇ ಉಳ್ಕೊಂಡಿದ್ದು. ಕಮ್ಯುನಿಸ್ಟ್ ಗಿಡ ಆದ್ರೆ ಹೂ ಬಿಡೋಕೆ ಮುಂಚೆ ಹೊಡೀಬೇಕು, ಬೀಜ ಗಾಳಿಗೆ ಹಾರಿದ್ ಮೇಲೆ ಹೊಡೆದು ಪ್ರಯೋಜನ ಇಲ್ಲ.

ಬ್ಲೇಡು: ಹುಲ್ಲಿಗೆ ಮೂರು ಹಲ್ಲಿನದ್ದು, ಹೆಬ್ಬೆರಳು ದಪ್ಪದ ಪೊದೆಗೆ 80 ಹಲ್ಲಿನ ರೌಂಡ್ ಬ್ಲೇಡ್. ಅದಕ್ಕಿಂತ ದಪ್ಪ ಇದ್ರೆ ಕತ್ತಿ ತಗೊಳ್ಳಿ, ಮಿಷನ್ ಬೇಡ. ಬ್ಲೇಡ್ ತಿರುಗೋದು ಮೇಲಿಂದ ನೋಡಿದ್ರೆ ಗಡಿಯಾರಕ್ಕೆ ಉಲ್ಟಾ, ಹಾಗಾಗಿ ಬಲದಿಂದ ಎಡಕ್ಕೆ ಬೀಸಿ, ಎಡಭಾಗದಲ್ಲೇ ಕತ್ತರಿಸಿ. ಬ್ಲೇಡನ್ನ ಗಡಿಯಾರ ಅಂತ ಅಂದ್ಕೊಂಡ್ರೆ 12ರಿಂದ 2ರ ಮಧ್ಯದ ಜಾಗ ಗಟ್ಟಿ ಕಾಂಡಕ್ಕೆ ತಾಗಬಾರದು, ತಾಗಿದ್ರೆ ಇಡೀ ಕೋಲು ಒಮ್ಮೆಗೇ ಬಲಕ್ಕೆ ಎಸೆದು ಬಿಡುತ್ತೆ, ಪಕ್ಕದಲ್ಲಿ ನಿಂತವರ ಕಾಲಿಗೇ ಬರುತ್ತೆ. ಅದಕ್ಕೇ 15 ಮೀಟರ್ ಒಳಗೆ ಯಾರೂ ಇರಬಾರದು. ನಾಯಿ ಕೂಡ ಹಿಂದೆ ಬರುತ್ತೆ, ಕಟ್ಟಿ ಹಾಕಿ ಹೋಗಿ.

ನಮ್ಮ ಯಜಮಾನ್ರು ಕನ್ನಡಕ ಹಾಕದೆ ಬರೀ ಅರ್ಧ ಗಂಟೆ ಕೆಲಸ ಅಂತ ಹೋದವರು, ಜಂಬಿಟ್ಟಿಗೆ ಕಲ್ಲಿನ ಚೂರು ಹಾರಿ ಹುಬ್ಬಿನ ಮೇಲೆ ಬಿತ್ತು, ಮೂರು ಹೊಲಿಗೆ. ಒಂದು ಬೆರಳು ಕೆಳಗೆ ಬಿದ್ದಿದ್ರೆ ಕಣ್ಣೇ. ಅವತ್ತಿಂದ ಮುಖಕ್ಕೆ ಜಾಲರಿ ಶೀಲ್ಡ್, ಅದರೊಳಗೆ ಕನ್ನಡಕ, ಕಿವಿಗೆ ಮಫ್, ಕಾಲಿಗೆ ಗಮ್ ಬೂಟು, ಇಷ್ಟು ಇಲ್ದೆ ನಮ್ಮ ಮನೇಲಿ ಯಾರೂ ಹಗ್ಗ ಎಳೆಯೋ ಹಾಗಿಲ್ಲ. ನಿಮ್ಮ ಅಪ್ಪಯ್ಯನಿಗೂ ಹೇಳಿ, ಹಿರಿಯರು ಇದನ್ನೆಲ್ಲ ಬೇಡ ಅಂತಾರೆ, ಆದ್ರೂ ಹಾಕ್ಸಿ.

ಪೊದೆಗೆ ಮಿಷನ್ ಹಚ್ಚೋ ಮುಂಚೆ ಉದ್ದ ಕೋಲಲ್ಲಿ ಒಂದ್ಸಲ ಬಡಿದು ನೋಡಿ, ಕಡಜದ ಗೂಡು ಇದ್ರೆ ಎದ್ದು ಬರುತ್ತೆ. ಮಿಷನ್ ಶಬ್ದದಲ್ಲಿ ಕಡಜ ಬಂದಿದ್ದು ಕೇಳಿಸಲ್ಲ, ಬೆನ್ನಿಗೆ ಮಿಷನ್ ಇದ್ರೆ ಕಳಚಿ ಓಡೋದೂ ಕಷ್ಟ. ಮತ್ತೆ ನಿಮ್ಮದು ಸಾಗರ ಅಂತೀರಿ, ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಮಂಗನ ಕಾಯಿಲೆ ಮರೀಬೇಡಿ. ಮೊದ್ಲು ಅದು ಕಾಣಿಸ್ಕೊಂಡಿದ್ದೇ 1957ರಲ್ಲಿ ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ, 2019ರಲ್ಲಿ ಅರಳಗೋಡು ಕಡೆ ಎಷ್ಟು ಜನ ನರಳಿದ್ರು ನಿಮಗೇ ಗೊತ್ತು. ಬೇಸಿಗೆ ಕಡೆ ಬ್ಯಾಣ ಹೊಡೆದ್ರೆ ಮೈಗೆ ಉಣುಗು ಹತ್ತೇ ಹತ್ತುತ್ತೆ, ತುಂಬು ತೋಳಿನ ಅಂಗಿ, ಉಣುಗಿಗೆ ಹಚ್ಚೋ ಎಣ್ಣೆ, ಮನೆಗೆ ಬಂದ ಕೂಡ್ಲೆ ಬಟ್ಟೆ ಬಿಸಿನೀರಿಗೆ.

ಬ್ಯಾಣದಂಚು (ಸಾಗರ)

ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಕ್ಕ ನೀವು ಹೇಳಿದ ಉಣುಗಿನ ವಿಷಯ ನಮ್ಮ ಮನೇಲಿ ಓದಿ ಹೇಳಿದೆ. ಸ್ಪ್ಯಾನರ್ ಅವ್ರೆ, ಇನ್ನೆರಡು ಕೇಳ್ಬೇಕಿತ್ತು. ನಾವು ವರ್ಷಕ್ಕೆ ಎರಡೇ ಸಲ ಹೊಡಿಯೋದು, ಮಧ್ಯದಲ್ಲಿ ಐದಾರು ತಿಂಗಳು ಅಟ್ಟದಲ್ಲಿ ಇಡ್ತೀವಿ. ಪ್ರತಿ ಸಲ ತೆಗೆದಾಗ ಸ್ಟಾರ್ಟೇ ಆಗ್ತಿರ್ಲಿಲ್ಲ, ಹಗ್ಗ ಎಳೆದು ಎಳೆದು ಹೆಗಲು ಹೋಗ್ತಿತ್ತು. ಇದು ಈಗಿನ ಎಥನಾಲ್ ಪೆಟ್ರೋಲಿಂದಾನಾ? ಸಬ್ಸಿಡಿ ಸಿಗುತ್ತಾ?

ತೀರ್ಥಹಳ್ಳಿ ಸ್ಪ್ಯಾನರ್

ಐದು ತಿಂಗಳು ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ರೆ ಎಥನಾಲ್ ಇಲ್ದಿದ್ರೂ ಅದು ಅಂಟಾಗುತ್ತೆ, ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಇನ್ನೂ ಬೇಗ. ಎಥನಾಲ್ ಗಾಳಿಯ ನೀರು ಹೀರ್ಕೊಳ್ಳುತ್ತೆ, ನಮ್ಮ ಮಲೆನಾಡಿನ ಮಳೆಗಾಲದ ಥಂಡಿ ಕೇಳ್ಬೇಕಾ. ಹೀರಿದ್ದು ಜಾಸ್ತಿ ಆದ್ರೆ ನೀರು ಎಥನಾಲ್ ಎರಡೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತೆ, ಫಿಲ್ಟರ್ ಇರೋದೂ ತಳದಲ್ಲೇ. ಕಾರ್ಬುರೇಟರ್ ಒಳಗೆ ಉಗುರಿನಷ್ಟು ತೆಳು ರಬ್ಬರ್ ಡಯಾಫ್ರಾಮ್ ಇರುತ್ತೆ, ಅದು ಬೆರಳಲ್ಲಿ ಒತ್ತಿದ್ರೆ ಬಟ್ಟೆ ಥರ ಬಾಗ್ಬೇಕು, ಹಳೇದು ಒಣಗಿದ ಅಡಿಕೆ ಹಾಳೆ ಥರ ಚರ್ ಅನ್ನುತ್ತೆ. ಹಾಗಾದ್ರೆ ಪೆಟ್ರೋಲ್ ಎಳೆಯಲ್ಲ, ಎಷ್ಟು ಹಗ್ಗ ಎಳೆದ್ರೂ ಅಷ್ಟೇ.

ಮಾಡ್ಬೇಕಾದ್ದು ಸುಲಭ ಇದೆ. ಒಂದು ತಿಂಗಳಿಗೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಸೀಸನ್ ಮುಗಿದ ದಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನಾಗೇ ನಿಲ್ಲೋವರೆಗೂ ಓಡ್ಸಿ, ಆಮೇಲೆ ಪ್ರೈಮರ್ ಗುಂಡಿ ನಾಲ್ಕೈದು ಸಲ ಒತ್ತಿ ಉಳಿದದ್ದನ್ನೂ ತೆಗೀರಿ. ಪ್ಲಗ್ ಬಿಚ್ಚಿ ಒಂದು ಚಮಚ ಆಯಿಲ್ ಬಿಟ್ಟು ಹಗ್ಗ ನಿಧಾನಕ್ಕೆ ಎರಡು ಸಲ ಎಳೆದು ಪ್ಲಗ್ ಹಾಕಿ. ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡ್ಬೇಡಿ.

ದಿನದ ಕೆಲಸ ಮುಗಿದ ಮೇಲೆ ಫ್ಯಾನ್ ಜಾಲರಿ, ಸಿಲಿಂಡರಿನ ರೆಕ್ಕೆ ಮಧ್ಯ ಸೇರಿದ ಹುಲ್ಲು ಹಳೇ ಟೂತ್ ಬ್ರಷಲ್ಲಿ ಕೆರೀರಿ, ಹುಲ್ಲಿನ ರಸ ಒಣಗಿ ಕೂತ್ರೆ ಗಾಳಿ ಆಡಲ್ಲ, ಅಲ್ಲಿಂದಲೇ ಬಿಸಿ ಏರೋದು. ಏರ್ ಫಿಲ್ಟರ್ 25 ಗಂಟೆಗೊಮ್ಮೆ ತೊಳೀರಿ, ಒಣ ಧೂಳಲ್ಲಿ ಹೊಡೆದ್ರೆ ದಿನಾ. ಅರ್ಧ ಗಂಟೆ ಓಡಿದ ಮೇಲೆ ಮಿಷನ್ ನಿಲ್ಲಿಸಿ ಕೆಳಗಿನ ಗೇರ್ ಹೆಡ್ ಹತ್ರ ಕೈ ಹಿಂಭಾಗ ಹಿಡಿದು ನೋಡಿ, ಕೈ ಹಿಡಿಯೋಕೆ ಆಗದಷ್ಟು ಸುಡ್ತಾ ಇದ್ರೆ ಗ್ರೀಸ್ ಮುಗಿದಿದೆ. ಬ್ಲೇಡ್ ನಟ್ಟು ಉಲ್ಟಾ ಥ್ರೆಡ್ಡು, ಬಲಕ್ಕೆ ತಿರುಗಿಸಿದ್ರೆ ಬಿಚ್ಚೋದು, ಇದು ಗೊತ್ತಿಲ್ದೆ ಎಡಕ್ಕೆ ತಿರುಗಿಸಿ ತಿರುಗಿಸಿ ನಟ್ಟು ಹಾಳು ಮಾಡ್ಕೊಂಡು ಬರ್ತಾರೆ. ಆಕ್ಸಿಲೇಟರ್ ಬಿಟ್ಟ ಮೇಲೂ ಬ್ಲೇಡ್ ಸುತ್ತಾ ಇದ್ರೆ ಐಡ್ಲಿಂಗ್ ಜಾಸ್ತಿ ಆಗಿದೆ ಇಲ್ಲಾ ಕ್ಲಚ್ ಸ್ಪ್ರಿಂಗ್ ತುಂಡಾಗಿದೆ, ಅದನ್ನ ಸರಿ ಮಾಡ್ದೆ ಅವತ್ತು ಕೆಲಸ ಬೇಡ.

ಸಬ್ಸಿಡಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಕೃಷಿ ಯಾಂತ್ರೀಕರಣದಲ್ಲಿ ಬರುತ್ತೆ, ಸಾಮಾನ್ಯ ವರ್ಗಕ್ಕೆ 50%, ಎಸ್‌ಸಿ ಎಸ್‌ಟಿಗೆ 90% ವರೆಗೆ. ಪಹಣಿ, ಆಧಾರ್, ಎಫ್‌ಐಡಿ (ರೈತರ ನೋಂದಣಿ ನಂಬರ್) ಬೇಕು. ಅವರ ಪಟ್ಟಿಲಿ ಇರೋ ಮಾಡೆಲ್ಲೇ ಕೊಡೋದು, ಹಾಗಾಗಿ ಮೊದ್ಲು ಪಟ್ಟಿ ನೋಡಿ ಆಮೇಲೆ ಅಂಗಡಿಗೆ ಹೋಗಿ.

ಬ್ಯಾಣದಂಚು (ಸಾಗರ)

ಇವತ್ತು ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ನೀವು ಹೇಳಿದ ಹಾಗೇ ಆ ಕಡೆನೇ ಉದ್ದುದ್ದ ಗೀರು, ಉಗುರು ಸಿಕ್ಕಿ ಹಾಕ್ಕೊಳ್ಳೋಷ್ಟು ಆಳ. ಕೊಟ್ಟಿಗೇಲಿ ಕ್ಯಾನ್ ನೋಡಿದ್ರೆ ಎಣ್ಣೆ ಬಣ್ಣನೇ ಇಲ್ಲ, ಬರೀ ಪೆಟ್ರೋಲು, ಮೂಸಿದ್ರೂ ಬರೀ ಪೆಟ್ರೋಲು. ಅಪ್ಪಯ್ಯನ ಹತ್ರ ಕೇಳಿದೆ, ಎರಡು ಕ್ಯಾನೂ ಒಂದೇ ಥರ ಇದ್ವಲ್ಲ ಅಂದ್ರು, ಗುರುತು ಹಾಕದೇ ಇದ್ದಿದ್ದು ನನ್ನದೇ ತಪ್ಪು, ಅವರಿಗೂ ಹಾಗೇ ಹೇಳಿದೆ. ನಾಳೆ ಫೋರ್ ಸ್ಟ್ರೋಕ್ ಸೈಡಿನದ್ದಕ್ಕೆ ಅಂತ ರೈತ ಸಂಪರ್ಕ ಕೇಂದ್ರಕ್ಕೆ ಹೋಗ್ತಿದೀನಿ. ಮಿಷನ್ ಬರೋವರೆಗೆ ಅಪ್ಪಯ್ಯ ಕತ್ತಿ ಹಿಡ್ಕೊಂಡು ಮರದ ಬುಡ ಸವರೋಕೆ ಶುರು ಮಾಡಿದಾರೆ, ಎರಡು ಅಡಿ ಅಳತೆಗೆ ಒಂದು ಕೋಲು ಕಡ್ಕೊಂಡಿದಾರೆ, ಇವತ್ತು ಸಂಜೆಗೆ ಮೂರು ಸಾಲು ಆಗಿದೆ.