ಸಿಪ್ಕಾಟ್‌ನಲ್ಲಿ ಆಳು ಕಡಿಮೆ ಮಾಡ್ತಿದ್ದಾರೆ, ರಾಜೀನಾಮೆ ಬರೆಸಿಕೊಳ್ಳೋದು ಸರಿಯಾ?

ಪ್ರಶ್ನೆ: ವಕೀಲ ಮೇಡಂ, ನಮಸ್ಕಾರ. ನಾನು ತಮಿಳುನಾಡಿನ ಹೊಸೂರು ಸಿಪ್ಕಾಟ್‌ನ (ಸರ್ಕಾರಿ ಕೈಗಾರಿಕಾ ಪ್ರದೇಶ) ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಟ್ಟು 140 ಕಾರ್ಮಿಕರಿದ್ದಾರೆ. ಆರ್ಡರ್ ಕಮ್ಮಿಯಾಗಿದೆ, ನನ್ನ ಲೈನಿನಿಂದ ಆರು ಜನರನ್ನು ತೆಗೆಯಬೇಕಂತೆ. ಯಾರ್ಯಾರು ಅಂತ ನಾನೇ ಪಟ್ಟಿ ಕೊಡಬೇಕು. 'ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದಕ್ಕೆ ಅವರಿಂದ ಸಹಿ ಹಾಕಿಸಿ, ಕೆಳಗೆ ಸಾಕ್ಷಿಯಾಗಿ ನಾನೂ ಸಹಿ ಮಾಡಬೇಕು. ಅವರೆಲ್ಲ ತಳಿ, ಅಂಚೆಟ್ಟಿ ಕಡೆಯವರು. ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. ಇದು ತಪ್ಪಲ್ವಾ?

ವಕೀಲರ ಉತ್ತರ: ತಪ್ಪು. ಕೆಲಸವಿಲ್ಲದಾಗ ಆಳು ಕಡಿಮೆ ಮಾಡುವುದನ್ನು ನಾನು ಅನ್ಯಾಯ ಅನ್ನಲಾರೆ. ಕಾರ್ಖಾನೆಯೇ ಮುಚ್ಚಿದರೆ 140 ಮನೆಗೂ ಕಷ್ಟ. ಆದರೆ ಕಂಪನಿಯೇ ತೆಗೆದು, ಅವರೇ ಬಿಟ್ಟರು ಅಂತ ಬರೆಸುವುದು ಸುಳ್ಳು. ಆ ಸುಳ್ಳಿನಿಂದ ಎಷ್ಟು ಹೋಗುತ್ತದೆ ನೋಡಿ.

ತಿಂಗಳಿಗೆ 20,000 ವೇತನ, 10 ವರ್ಷ ಸರ್ವಿಸ್ ಅಂದುಕೊಳ್ಳಿ. ಕಂಪನಿ ತೆಗೆದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ವೇತನ ಕೊಡಬೇಕು. ಸರ್ವಿಸಿನ ಪ್ರತಿ ವರ್ಷಕ್ಕೆ 15 ದಿನದ ವೇತನ ಪರಿಹಾರ, ಅಂದರೆ ಸುಮಾರು 1 ಲಕ್ಷ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಬೇರೆ ಕೆಲಸ ಕಲಿಯಲಿ ಅಂತ ಇನ್ನೂ 15 ದಿನದ ವೇತನ ಇದೆ. ಅದು ಕೆಲಸದಿಂದ ತೆಗೆದ 45 ದಿನದೊಳಗೆ ಕಾರ್ಮಿಕರ ಖಾತೆಗೆ ಬೀಳಬೇಕು. ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿ, ಪಿಎಫ್ ಮಾತ್ರ ಸಿಗುತ್ತದೆ. ಲಕ್ಷಕ್ಕೂ ಜಾಸ್ತಿ ದುಡ್ಡು ಬಡವರ ಕೈತಪ್ಪುತ್ತದೆ, ಅದೂ ನಿಮ್ಮ ಸಾಕ್ಷಿಯ ಬಲದ ಮೇಲೆ.

ಪಟ್ಟಿಯ ವಿಷಯ. ಒಂದೇ ಬಗೆಯ ಕೆಲಸದಲ್ಲಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವುದು ಕಾನೂನಿನ ಕ್ರಮ. ಅದನ್ನು ಮೀರಿದರೆ ಕಾರಣ ಬರೆದಿಡಬೇಕು. ಸಂಬಳ ಜಾಸ್ತಿ ಅಂತ ಹಳಬರನ್ನು ಆರಿಸುವುದು ನನಗೆ ತುಂಬಾ ನೋವಿನ ಸಂಗತಿ. ನಲವತ್ತೈದು ದಾಟಿದವರಿಗೆ ಮತ್ತೆ ಕೆಲಸ ಯಾರು ಕೊಡುತ್ತಾರೆ?

ಪ್ರಶ್ನೆ ಕೇಳಿದವರು: ಸಹಿ ಮಾಡಲ್ಲ ಅಂದರೆ ಏಳನೆಯವನು ನಾನೇ ಆಗ್ತೀನಿ ಮೇಡಂ. ಮನೆ ಸಾಲ ಇದೆ.

ವಕೀಲರು: ನಿಮ್ಮ ಭಯ ಸುಮ್ನೆ ಅಲ್ಲ. ಸೂಪರ್‌ವೈಸರ್ ಆಗಿ ತಿಂಗಳಿಗೆ 18,000ಕ್ಕಿಂತ ಜಾಸ್ತಿ ಬರುತ್ತಿದ್ದರೆ ಈ ಕಾನೂನಿನಲ್ಲಿ ನೀವು ಕಾರ್ಮಿಕರಲ್ಲ, ಈ ರಕ್ಷಣೆ ನಿಮಗಿಲ್ಲ. ಹಾಗಾಗಿ ಜಗಳಕ್ಕೆ ಹೋಗಬೇಡಿ. 'ಸೇರಿದ ದಿನಾಂಕದ ಪ್ರಕಾರ ಪಟ್ಟಿ ಕೊಡುತ್ತೇನೆ, ಸಾಕ್ಷಿ ಸಹಿ ನನ್ನಿಂದ ಆಗದು' ಅಂತ ಮರ್ಯಾದೆಯಿಂದ ಒಂದು ಮೇಲ್ ಹಾಕಿ. ಆ ಕಾಗದದಲ್ಲಿ ಏನಿದೆ ಅಂತ ಆರೂ ಜನರಿಗೆ ಕನ್ನಡದಲ್ಲಿ ಓದಿ ಹೇಳಿ. ಇಷ್ಟನ್ನಾದರೂ ಮಾಡಲೇಬೇಕು.

ಗುಂಪಿನ ಇನ್ನೊಬ್ಬ ಸದಸ್ಯರು: ನಮ್ಮಣ್ಣ ಹೋದ ತಿಂಗಳು ಹೆದರಿ ಸಹಿ ಹಾಕಿಬಿಟ್ಟಿದ್ದಾರೆ. ಮುಗೀತಾ?

ವಕೀಲರು: ಮುಗಿದಿಲ್ಲ. ಬಲವಂತದ ರಾಜೀನಾಮೆಯನ್ನು ಪ್ರಶ್ನಿಸಬಹುದು. ಒತ್ತಾಯದಿಂದ ಸಹಿ ಹಾಕಿಸಿಕೊಂಡರು ಅಂತ ಕಂಪನಿಗೆ ಈ ವಾರವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಸಿ, ಒಂದು ಪ್ರತಿ ಲೇಬರ್ ಆಫೀಸಿಗೆ ಕೊಡಿ. ತಡ ಮಾಡಿದಷ್ಟೂ ಕೇಸು ಬಲ ಕಳೆದುಕೊಳ್ಳುತ್ತದೆ. ಅಪಾಯಿಂಟ್‌ಮೆಂಟ್ ಆರ್ಡರ್, ಸಂಬಳದ ಸ್ಲಿಪ್, ಪಿಎಫ್ ಪಾಸ್‌ಬುಕ್ ಜೋಡಿಸಿಟ್ಟುಕೊಳ್ಳಲು ಹೇಳಿ.