ಅತ್ತೆಯ ಶುಗರ್ ಮಾತ್ರೆ ನಾನು ನುಂಗಿದೆ. ಕೆಲಸ ಬಿಡಲಾ?

ಸಾಗರದವಳು:

ಮೊನ್ನೆ 18ನೇ ತಾರೀಖು ಬೆಳಗ್ಗೆ ಐದೂವರೆಗೆ ಎದ್ದು ಥೈರಾಯ್ಡ್ ಮಾತ್ರೆ ನುಂಗಿ ಕುಕ್ಕರ್ ಇಟ್ಟೆ. ಹಾಲ್‌ನಲ್ಲಿ ಮಲಗಿದ್ದ ಮಗಳಿಗೆ ಎಚ್ಚರವಾಗದಿರಲಿ ಅಂತ ಲೈಟ್ ಹಾಕಿರಲಿಲ್ಲ. ಮೂರು ಡಬ್ಬಿ ಕಟ್ಟಿ, ಅತ್ತೆಗೆ ಬಿಸಿನೀರು ಇಟ್ಟು, ಸಕ್ಕರೆ ಇಲ್ಲದ ಕಾಫಿ ಕುಡಿದು ಓಡಿದ್ದು ರಾಜಾಜಿನಗರ ಮೆಟ್ರೋಗೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ ದಾಟುವಷ್ಟರಲ್ಲಿ ಕೈ ನಡುಕ, ಬೆನ್ನೆಲ್ಲ ಬೆವರು, ಎದೆ ಡವಡವ.

ಗಾಬರಿ ಏನೂ ಆಗಲಿಲ್ಲ, ಅದೇ ನೋಡಿ ತಮಾಷೆ. ಇಪ್ಪತ್ತರೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು, ಇದು ಟೆನ್ಶನ್, ಪ್ರತಿ ತಿಂಗಳೂ ಇರೋದೇ ಅಂದುಕೊಂಡೆ. ಪಕ್ಕದ ಹುಡುಗಿ ನನ್ನ ಮುಖ ನೋಡಿ "ಆಂಟಿ, ತಿಂಡಿ ತಿಂದಿಲ್ವಾ" ಅಂತ ಬಿಸ್ಕತ್ ಪೊಟ್ಟಣ ಕೊಟ್ಟಳು. ಪೀಣ್ಯದಲ್ಲಿ ಇಳಿದು ಸಕ್ಕರೆ ಜಾಸ್ತಿ ಹಾಕಿಸಿ ಎರಡು ಟೀ, ಒಂದು ಬನ್. ಹದಿನೈದು ನಿಮಿಷಕ್ಕೆ ಸರಿಹೋಯಿತು.

ಒಂಬತ್ತಕ್ಕೆ ಮನೆಯವರ ಫೋನು: "ಅಮ್ಮನ ಡಬ್ಬೀಲಿ ಮಂಗಳವಾರದ ಖಾನೆ ಖಾಲಿ ಇದೆ. ಕೊಟ್ಟಿದೀಯಾ? ಅವಳಿಗೆ ನೆನಪಿಲ್ವಂತೆ." ಏಳು ಖಾನೆಯ ಎರಡು ಡಬ್ಬಿ ನಮ್ಮಲ್ಲಿ, ನನ್ನದು ಗುಲಾಬಿ, ಅತ್ತೆಯದು ನೀಲಿ. ಕತ್ತಲಲ್ಲಿ ಎರಡೂ ಕಪ್ಪು.

ನನಗೆ 47. ಒಂದು ಮೆಷಿನ್ ಪಾರ್ಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ತೀನಿ. ಮಗಳು ಎಸ್ಸೆಸ್ಸೆಲ್ಸಿ, ಮಗ ಆರನೇ ಕ್ಲಾಸು. ಅತ್ತೆಗೆ 78, ಮರೆವು ಹೆಚ್ಚಾಗ್ತಿದೆ. ಸಾಗರದ ಮನೇಲಿ ಅಪ್ಪಯ್ಯ ಒಬ್ಬರೇ, ಪೋಸ್ಟಲ್ಲಿ ರಿಟೈರ್ ಆದವರು, ಬೆಂಗಳೂರಿಗೆ ಬನ್ನಿ ಅಂದರೆ ಅಡಿಕೆ ಕೊಯ್ಲು ಮುಗೀಲಿ ಅಂತಾರೆ. ಅದು ಯಾವ ವರ್ಷ ಮುಗಿಯುತ್ತೋ. ನವೆಂಬರ್ ಬಂತಂದ್ರೆ ಅವರ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ತಾಳಗುಪ್ಪದ ರಾತ್ರಿ ಟ್ರೇನು ಹತ್ತಬೇಕು ನಾನು.

ಮನೆಯವರು ಕೆಟ್ಟವರಲ್ಲ. "ಏನು ಮಾಡ್ಬೇಕು ಹೇಳು, ಮಾಡ್ತೀನಿ" ಅಂತಾರೆ. ಆ 'ಹೇಳು' ಇದೆಯಲ್ಲ, ನನಗೆ ಸುಸ್ತಾಗೋದೇ ಅಲ್ಲಿ. ಗ್ಯಾಸ್ ಯಾವಾಗ ಖಾಲಿಯಾಗುತ್ತೆ, ಮಗನ ಬಿಳಿ ಶೂ ಯಾವ ದಿನ, ಅತ್ತೆಯ ಮಾತ್ರೆ ಇನ್ನೆಷ್ಟು ಉಳಿದಿದೆ, ಎಲ್ಲ ನನ್ನ ತಲೆಯಲ್ಲೇ. ಕೆಲಸ ಬಿಟ್ಟುಬಿಡಲಾ ಅನ್ನಿಸಿದೆ. ಬಿಟ್ಟವರು ಯಾರಾದರೂ ಇದ್ದರೆ ಹೇಳಿ.

ಉಡುಪಿಯ ನಿವೃತ್ತ ನರ್ಸ್:

ಮೊದಲು ಮಾತ್ರೆ ವಿಷಯ ಮಾರಾಯ್ರೆ. ಬೆಳಗ್ಗೆ ತಿಂಡಿಗೆ ಮುಂಚೆ ಕೊಡುವುದು ಅಂದರೆ ಗ್ಲಿಮೆಪಿರೈಡ್ ಇರಬಹುದು. ಅದರ ಪರಿಣಾಮ ಒಂದು ಟೀಯಲ್ಲಿ ಮುಗಿಯುವುದಿಲ್ಲ, ಶುಗರ್ ಮತ್ತೆ ಇಳಿಯುವುದುಂಟು. ಆ ದಿನವೇ ಡಾಕ್ಟರಿಗೆ ತಿಳಿಸಬೇಕಿತ್ತು. ಎರಡು ಡಬ್ಬಿ ಒಂದೇ ಕಪಾಟಿನಲ್ಲಿ ಬೇಡವೇ ಬೇಡ.

ಇನ್ನೊಂದು, ಎಲ್ಲವನ್ನೂ ಟೆನ್ಶನ್ ಲೆಕ್ಕಕ್ಕೆ ಬರೆಯಬೇಡಿ. ಥೈರಾಯ್ಡ್ ಮಾತ್ರೆಯ ಡೋಸ್ ಹೆಚ್ಚಾದರೂ ಎದೆ ಡವಡವ ಅನ್ನುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿಯೂ ಬೆವರು, ನಿದ್ದೆಗೇಡು ಉಂಟು. ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್, ಹಿಮೋಗ್ಲೋಬಿನ್ ಮಾಡಿಸಿ. ಅತ್ತೆಗೆ ಬಿ12 ನೋಡಿಸಿ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ವರ್ಷಗಟ್ಟಲೆ ತಿಂದವರಲ್ಲಿ ಅದು ಕಡಿಮೆಯಾಗುವುದುಂಟು, ಮರೆವಿಗೆ ಅದೂ ಒಂದು ಕಾರಣ. ವಯಸ್ಸಾಯಿತು ಅಂತ ಸುಮ್ಮನಾಗಬೇಡಿ.

ರಾತ್ರಿ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಉಂಟು, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹುಬ್ಬಳ್ಳಿಯಿಂದ:

ಅಕ್ಕಾರ, ನಾನು ನಿಮ್ಮ ಯಜಮಾನ್ರ ಪಾರ್ಟಿ. 'ಹೇಳು, ಮಾಡ್ತೇನಿ' ಅನ್ನೋದು ನಂದೂ ಡೈಲಾಗ್ ಆಗಿತ್ತ. ಹೋದ ವರ್ಷ ನಮ್ಮಾಕಿಗೆ ಪಿತ್ತಕೋಶದ ಆಪರೇಷನ್ ಆತು. ಅವ್ವನ ಮಾತ್ರಿ ಚೀಟಿ ಎಲ್ಲೈತಿ, ಹಾಲಿನಾಂವಗ ಎಷ್ಟು ಕೊಡಬೇಕು ಅಂತ ದವಾಖಾನ್ಯಾಗ ಮಲಗಿದಾಕಿಗೆ ಒಂದ ದಿನದಾಗ ಹದಿನಾಕು ಸಲ ಫೋನ್ ಮಾಡೇನಿ. ಕಡೀಕ ಸಿಸ್ಟರ್ ಫೋನ್ ಕಸಗೊಂಡು "ನಿಮ್ಮ ಮನೀ ನಿಮಗ ಗೊತ್ತಿಲ್ಲೇನ್ರಿ" ಅಂದ್ರು. ಆ ಮಾತು ಇನ್ನೂ ಕಿವ್ಯಾಗ ಐತಿ.

ಕೆಲಸಾ ತುಂಡು ತುಂಡು ಕೊಡಬ್ಯಾಡ್ರಿ. ಮಾತ್ರಿ ಅಂದ್ರ ಪೂರಾ ಮಾತ್ರಿ: ತರೋದು, ಚೀಟಿ ನೋಡಿ ತುಂಬೋದು, ಕೊಡೋದು, ಮುಗ್ಯಾಕ ಬಂದಾವ ಅನ್ನೋದನ್ನ ನೆನಪಿಡೋದೂ ಅವರದ. ಮೊದಲನೇ ವಾರ ಒಮ್ಮೆ ತುಂಬಿದ್ದು ನೋಡ್ರಿ. ಆಮ್ಯಾಲೆ ಕೇಳಾಕ ಹೋಗಬ್ಯಾಡ್ರಿ. ಕೇಳಿದ್ರ ಮತ್ತ ನಿಮ್ಮ ತಲಿಗೇ ಬರತೈತಿ.

ಮೈಸೂರಿನಿಂದ:

ನಾನು ಬಿಟ್ಟವಳು. ಮೂರು ವರ್ಷವಾಯಿತು. ಮೊದಲ ತಿಂಗಳು ಸ್ವರ್ಗ. ಆಮೇಲೆ "ಹೇಗೂ ಮನೇಲೇ ಇದೀಯಲ್ಲ" ಶುರುವಾಯಿತು. ಬೇಸಿಗೆ ರಜೆಗೆ ನಾದಿನಿ ಮಕ್ಕಳು ನಮ್ಮನೆಗೆ, ಪಕ್ಕದವರ ಕೊರಿಯರ್ ನಮ್ಮನೆಗೆ. ನೆನಪಿಡುವ ಕೆಲಸ ಒಂದು ಚೂರೂ ಕಡಿಮೆಯಾಗಲಿಲ್ಲ, ಸಂಬಳ ಮಾತ್ರ ನಿಂತಿತು. ಬಿಡಲೇಬೇಡಿ ಅಂತಲ್ಲ, ಮೊದಲು ಒಂದು ತಿಂಗಳು ಸಂಬಳವಿಲ್ಲದ ರಜೆ ಕೇಳಿ ನೋಡಿ.

ಜೀವಿತ ಪ್ರಮಾಣಪತ್ರಕ್ಕೆ ಟ್ರೇನು ಯಾಕೆ? ಪೋಸ್ಟ್‌ಮ್ಯಾನೇ ಮನೆಗೆ ಬಂದು ಬೆರಳಚ್ಚು ತಗೊಂಡು ಮಾಡಿಕೊಡ್ತಾರೆ. ನಮ್ಮ ಮಾವನಿಗೆ ಹಾಗೇ ಮಾಡಿಸಿದ್ದು, 70 ರೂಪಾಯಿ. ಮೊಬೈಲಲ್ಲಿ ಮುಖ ತೋರಿಸಿಯೂ ಆಗುತ್ತೆ, ಆದರೆ ನಮ್ಮ ಮಾವ ಪ್ರತಿ ಸಲ ಕಣ್ಣು ಮುಚ್ಚಿಬಿಡೋರು.

ಸಾಗರದವಳು:

ಮೂರು ವಾರದ ಮೇಲೆ ಬರೀತಿದ್ದೀನಿ. ಡಾಕ್ಟರ ಹತ್ತಿರ ಹೋಗಿದ್ದೆ, ಬೈಸಿಕೊಂಡೆ. ನನ್ನ ಹಿಮೋಗ್ಲೋಬಿನ್ 9.2, ಕಡಿಮೆ. ಅತ್ತೆಗೆ ಬಿ12 ಇಂಜೆಕ್ಷನ್ ಶುರುವಾಗಿದೆ. ಮರೆವಿಗೆ ಉಪಯೋಗವಾಗುತ್ತೋ ಇಲ್ಲವೋ, ಇಂಜೆಕ್ಷನ್ ಕೊಡುವ ಹುಡುಗನ ಹೆಸರು ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಮಾತ್ರೆ ಪೂರ್ತಿ ಮನೆಯವರಿಗೆ ಕೊಟ್ಟೆ. ಎರಡನೇ ಶನಿವಾರ ರಾತ್ರಿ ಒಂಬತ್ತೂವರೆಗೆ ನೀಲಿ ಡಬ್ಬಿ ತೆಗೆದು, ಬಿಪಿ ಮಾತ್ರೆ ಮುಗಿದಿದೆ ಅಂತ ಅವರಿಗೆ ಗೊತ್ತಾಯಿತು. ನನಗೆ ಗುರುವಾರವೇ ಗೊತ್ತಿತ್ತು. ಅಂಗಡಿ ಹತ್ತಕ್ಕೆ ಮುಚ್ಚೋದು, ಹಾಗಾಗಿ ತುಟಿ ಕಚ್ಚಿಕೊಂಡು ಟವೆಲ್ ಮಡಚುತ್ತಾ ಕೂತೆ. ಮಳೆಯಲ್ಲಿ ಸ್ಕೂಟರ್ ತೆಗೆದುಕೊಂಡು ಹೋಗಿ ತಂದರು. ಈಗ ಅವರ ಫೋನಲ್ಲಿ ಪ್ರತಿ ಬುಧವಾರ ಅಲಾರ್ಮ್ ಹೊಡೆಯುತ್ತೆ.

ಹುಬ್ಬಳ್ಳಿಯವರೇ, ನಿಮ್ಮ ಸಿಸ್ಟರ್ ಮಾತನ್ನು ಅವರಿಗೆ ಓದಿ ಹೇಳಿದೆ. ನಗಲಿಲ್ಲ.

ರಾಜೀನಾಮೆ ಸದ್ಯಕ್ಕೆ ಬರೆದಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ ಹೊತ್ತಿಗೆ ಹದಿನೈದು ದಿನ ರಜೆ ಕೇಳಿದ್ದೀನಿ, ಮ್ಯಾನೇಜರ್ 'ನೋಡೋಣ' ಅಂದಿದ್ದಾರೆ.

ಸಾಗರಕ್ಕೆ ಈ ಸಲ ಹೋಗಲಿಲ್ಲ. ಪೋಸ್ಟ್‌ಮ್ಯಾನ್ ಬರ್ತಾರೆ, ಎಪ್ಪತ್ತು ರೂಪಾಯಿ ತೆಗೆದಿಡಿ ಅಂತ ಅಪ್ಪಯ್ಯನಿಗೆ ಫೋನ್ ಮಾಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂವತ್ತೆಂಟು ವರ್ಷ ಪೋಸ್ಟಲ್ಲಿ ದುಡಿದು, ನಾನು ಬದುಕಿದ್ದೀನಿ ಅಂತ ಪೋಸ್ಟಿಗೇ ದುಡ್ಡು ಕಟ್ಟಬೇಕನೇ" ಅಂದರು. ಕಟ್ಟಿದರು. ಬಂದ ಹುಡುಗನಿಗೆ ಊಟ ಹಾಕಿಯೇ ಕಳಿಸಿದರಂತೆ.